ಎಲ್ಲರ ಕೈಲೂ ಮೊಬೈಲು, ಬಲ್ಲವರಿಗೆ ಬೆಲೆ ಎಷ್ಟು?

ಕಮಲಾಪುರ, ಹಂಪಿ ಕಡೆಯ ಗೈಡುಗಳು ಈಗೀಗ ಪ್ರವಾಸಿಗರ ಬಾಯಿಂದ ಪದೇ ಪದೇ ಕೇಳುವ ಮಾತೊಂದಿದೆ: ‘ಬ್ಯಾಡ ಬಿಡಣ್ಣ, ಎಲ್ಲಾ ಮೊಬೈಲ್‌ನಾಗೈತಿ.’ ಮಾತು ಪೂರ್ತಿ ಸುಳ್ಳೇನಲ್ಲ. ಕಮಲ ಮಹಲಿಗೆ ಯಾವ ದಾರಿ, ಆನೆ ಲಾಯ ಎಷ್ಟು ಹೊತ್ತಿಗೆ ಮುಚ್ಚುತ್ತದೆ, ಕೃಷ್ಣದೇವರಾಯ ಎಷ್ಟು ವರ್ಷ ಆಳಿದ ಎಂಬುದಕ್ಕೆಲ್ಲ ಯಾರನ್ನೂ ಕೇಳಬೇಕಾಗಿಲ್ಲ. ಇದೇ ಮಾತನ್ನು ಹೊಸಪೇಟೆಯ ಫೋಟೊ ಸ್ಟುಡಿಯೊದವರು, ಡಿಟಿಪಿ ಅಂಗಡಿಯವರು, ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು ಕೂರುವ ಪತ್ರಬರಹಗಾರರು, ಕಂಪ್ಲಿ ಸೀಮೆಯ ಸರ್ವೆಯವರು ತಮ್ಮ ತಮ್ಮ ಗಿರಾಕಿಗಳಿಂದ ಬೇರೆ ಬೇರೆ ರೂಪದಲ್ಲಿ ಕೇಳುತ್ತಿದ್ದಾರೆ. 2016ರ ಹೊತ್ತಿಗೆ ಅಗ್ಗದ ಡೇಟಾ ಬಂತು, ಆಮೇಲೆ ಅಗ್ಗದ ಡ್ರೋನ್ ಬಂತು, ಈಗ ಕನ್ನಡದಲ್ಲೇ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡುವ ಎಐ ಬಂದಿದೆ. ಪ್ರತಿ ಸಲವೂ ಏಳುವ ಪ್ರಶ್ನೆ ಒಂದೇ: ಸಲಕರಣೆ ಎಲ್ಲರ ಕೈಗೂ ಸಿಕ್ಕ ಮೇಲೆ ಕಸುಬು ಬಲ್ಲವರ ಗತಿಯೇನು?

ಇದಕ್ಕೆ ಎರಡು ಸಿದ್ಧ ಉತ್ತರಗಳಿವೆ. ತಜ್ಞರು ಇಷ್ಟು ದಿನ ಬೀಗ ಹಾಕಿಟ್ಟುಕೊಂಡಿದ್ದ ತಿಳಿವಳಿಕೆ ಈಗ ಬಯಲಾಗಿದೆ, ಒಳ್ಳೆಯದೇ ಆಯಿತು ಎನ್ನುವವರು ಒಂದು ಕಡೆ. ನಾಲ್ಕು ವಿಡಿಯೊ ನೋಡಿದವರೆಲ್ಲ ಪಂಡಿತರಾದರು, ಕಸುಬಿಗೆ ಮರ್ಯಾದೆ ಉಳಿಯಲಿಲ್ಲ ಎನ್ನುವವರು ಇನ್ನೊಂದು ಕಡೆ. ವಿಜಯನಗರ ಜಿಲ್ಲೆಯ ಮತ್ತು ಪಕ್ಕದ ಸಂಡೂರು, ಕಂಪ್ಲಿಗಳ ಕೆಲವು ಕಸುಬುಗಳನ್ನು ಒಂದೊಂದಾಗಿ ನೋಡಿದರೆ ಎರಡರಲ್ಲೂ ಅರ್ಧ ಸತ್ಯ ಇರುವುದು ತಿಳಿಯುತ್ತದೆ. ಇಬ್ಬರ ಲೆಕ್ಕಕ್ಕೂ ಸಿಗದ ಮೂರನೆಯ ಸಂಗತಿಯೊಂದು ಉಳಿಯುತ್ತದೆ. ಈ ಸಮೀಕ್ಷೆಯ ಉದ್ದೇಶ ಅದನ್ನು ಎತ್ತಿ ತೋರಿಸುವುದು.

ಸಲಕರಣೆ ದುಬಾರಿಯಾಗಿದ್ದ ಕಾಲ

ಹಂಪಿಯನ್ನು ದಾಖಲಿಸಿದ ಚರಿತ್ರೆಯೇ ಸಲಕರಣೆಗಳ ಚರಿತ್ರೆ. 1799ರಲ್ಲಿ ಕಾಲಿನ್ ಮೆಕೆಂಜಿ ಈ ಹಾಳೂರಿನ ನಕ್ಷೆ ಮಾಡಿಸಿದಾಗ ಅಳತೆಯ ವಿದ್ಯೆ ಸೈನ್ಯದ ಎಂಜಿನಿಯರುಗಳ ಸೊತ್ತಾಗಿತ್ತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದ. ಆ ಕಾಗದವನ್ನು ಹದ ಮಾಡುವುದು, ಬಿಸಿಲಿನ ಅಳತೆ ಹಿಡಿದು ಎಷ್ಟು ಹೊತ್ತು ಮಸೂರ ತೆರೆದಿಡಬೇಕೆಂದು ಅಂದಾಜು ಮಾಡುವುದು, ಆ ಸೆಕೆಯಲ್ಲಿ ನೆಗೆಟಿವ್ ಕೆಡದಂತೆ ತೊಳೆಯುವುದು, ಇವೆಲ್ಲ ಬಂದವನಿಗೆ ಮಾತ್ರ ಚಿತ್ರ ಬರುತ್ತಿತ್ತು. ಇವತ್ತು ಹೇಮಕೂಟದ ಮೇಲೆ ಒಂದು ಸಂಜೆಯಲ್ಲಿ ತೆಗೆಯುವಷ್ಟು ಚಿತ್ರಗಳನ್ನು ಹತ್ತೊಂಬತ್ತನೆಯ ಶತಮಾನ ಪೂರ್ತಿ ತೆಗೆದಿರಲಿಕ್ಕಿಲ್ಲ.

ಹಾಗಾದರೆ ಗ್ರೀನ್‌ಲಾನ ಚಿತ್ರಗಳ ಬೆಲೆ ಕುಸಿಯಿತೇ? ಏರಿತು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಲ್ಲಿ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟಾಗ ಯಾವ ಗೋಪುರದ ಗಾರೆ ಉದುರಿತು, ಯಾವ ಮಂಟಪ ಕುಸಿಯಿತು, ಎಲ್ಲಿ ದುರಸ್ತಿ ಆಯಿತು ಎಂಬುದು ಕಣ್ಣಿಗೆ ಕಟ್ಟಿತು. ಈಗಿನ ಲಕ್ಷಾಂತರ ಸೆಲ್ಫಿಗಳಿಗೆ ಆ ಶಕ್ತಿ ಇಲ್ಲ. ಅವುಗಳಲ್ಲಿ ಗುಡಿ ಇದೆ, ಆದರೆ ಎಲ್ಲಿ ನಿಂತು, ಯಾಕೆ, ಏನನ್ನು ಕಾಣಿಸಲು ತೆಗೆದದ್ದು ಎಂಬ ಶಿಸ್ತಿಲ್ಲ.

ಅದೇ ಹೊತ್ತಿಗೆ, 1980ರ ಈಚೆಗೆ, ಸಂಶೋಧಕರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ವರ್ಷ ವರ್ಷವೂ ಹಂಪಿಗೆ ಬಂದು, ವಾಸ್ತುಶಿಲ್ಪದ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗುಡಿ, ಮಂಟಪ, ಕೋಟೆಬಾಗಿಲುಗಳನ್ನು ಟೇಪು ಹಿಡಿದು ಅಳೆದು ಬರೆಸಿದರು. 1987ರಿಂದ ಹತ್ತು ವರ್ಷ ಪುರಾತತ್ವಜ್ಞರಾದ ಕಾರ್ಲಾ ಸಿನೋಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ರಾಜಧಾನಿಯ ಸುತ್ತಲಿನ ಕೆರೆ, ಕಟ್ಟೆ, ಹೊಲ, ದಾರಿಗಳಲ್ಲಿ ನಡೆದು ಏಳುನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿದರು. ಇವತ್ತು ಮೊಬೈಲ್ ನಕ್ಷೆಯಲ್ಲಿ, ಕೈಪಿಡಿಯಲ್ಲಿ ನಾವು ಓದುವ ‘ರಾಜ ಕೇಂದ್ರ’, ‘ಪವಿತ್ರ ಕೇಂದ್ರ’ ಎಂಬ ವಿಂಗಡಣೆ ಬಳಕೆಗೆ ಬಂದದ್ದು ಇಂಥ ದುಡಿಮೆಯಿಂದಲೇ. ಪುಕ್ಕಟೆ ಸಿಗುವ ಮಾಹಿತಿಯ ಹಿಂದೆ ಯಾರೋ ದುಡ್ಡು, ಹೊತ್ತು, ಬೆವರು ಸುರಿಸಿರುತ್ತಾರೆ. ಪರದೆಯ ಮೇಲೆ ಅದು ಕಾಣುವುದಿಲ್ಲ.

ಗೈಡಿನ ಕಥೆ, ಕಂಬದ ಕಥೆ

ಗೈಡುಗಳಿಗೆ ಬಂದರೆ, ಮೊಬೈಲ್ ನಿಜಕ್ಕೂ ಕಿತ್ತುಕೊಂಡ ಕೆಲಸವೆಂದರೆ ದಾರಿ ತೋರಿಸುವುದು ಮತ್ತು ಇಸವಿ ಹೇಳುವುದು. ಅಷ್ಟರಿಂದಲೇ ಹೊಟ್ಟೆ ಹೊರೆಯುತ್ತಿದ್ದವರಿಗೆ ಪೆಟ್ಟು ಬಿದ್ದಿದೆ. ಒಳ್ಳೆಯ ಗೈಡು ಮಾಡುವುದು ಬೇರೆಯದೇ. ಅವನು ವಿರೂಪಾಕ್ಷ ಗುಡಿಯ ಹಿಂಬದಿಯ ಕತ್ತಲೆ ಕೋಣೆಗೆ ಕರೆದೊಯ್ದು, ಗೋಡೆಯ ಸಣ್ಣ ಕಿಂಡಿಯಿಂದ ಬೀಳುವ ಬೆಳಕಿಗೆ ಬಿಳಿ ಹಾಳೆ ಒಡ್ಡಿ, ರಾಜಗೋಪುರ ತಲೆಕೆಳಗಾಗಿ ಮೂಡುವುದನ್ನು ತೋರಿಸುತ್ತಾನೆ. ಹಾಳೆಯನ್ನು ಹಿಂದೆ ಮುಂದೆ ಸರಿಸಿದರೆ ನೆರಳು ದೊಡ್ಡದಾಗುತ್ತದೆ, ಚಿಕ್ಕದಾಗುತ್ತದೆ. ಜೊತೆಗಿರುವ ಹುಡುಗನಿಗೆ ಶಾಲೆಯ ಸೂಜಿರಂಧ್ರ ಕ್ಯಾಮೆರಾ ನೆನಪಿಗೆ ತಂದುಕೊಡುತ್ತಾನೆ. ಎದುರಿಗೆ ನಿಂತವರು ಯಾರು, ಅವರಿಗೆ ಏನು ಹಿಡಿಸುತ್ತದೆ ಎಂದು ಅಳೆದು ಹೇಳುವ ಈ ಕಲೆಗೆ ಗಿರಾಕಿ ಕಡಿಮೆಯಾಗಿಲ್ಲ.

ಆದರೆ ಗೈಡುಗಳೂ ತಮ್ಮನ್ನು ತಾವು ಒರೆಗೆ ಹಚ್ಚಿಕೊಳ್ಳಬೇಕು. ವಿಜಯವಿಠ್ಠಲ ಗುಡಿಯ ಸಂಗೀತ ಕಂಬಗಳು ಒಳಗೆ ಟೊಳ್ಳು, ಗುಟ್ಟು ತಿಳಿಯಲು ಬ್ರಿಟಿಷರು ಎರಡು ಕಂಬ ಕತ್ತರಿಸಿ ನೋಡಿದರು ಎಂಬ ಕಥೆ ದಶಕಗಳಿಂದ ಓಡಾಡುತ್ತಿದೆ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಗಳಿಗೆ ಹಾನಿಯಾಗದ ವಿಧಾನದಲ್ಲಿ ಪರೀಕ್ಷಿಸಿದಾಗ ಅವು ಘನ ಕಲ್ಲೇ ಎಂದು ಗೊತ್ತಾಯಿತು. ಕಂಬ ತಟ್ಟಿದಾಗ ಬಾಗಿ ಕಂಪಿಸುವ ರೀತಿಯಿಂದ ನಾದ ಹೊರಡುತ್ತದೆ. ಈಗ ಮೊಬೈಲ್‌ನಲ್ಲಿ ಹುಡುಕಿದರೆ ಹೆಚ್ಚು ಜನ ಹೇಳಿದ ಟೊಳ್ಳು ಕಂಬದ ಕಥೆಯೇ ಮೊದಲು ಸಿಗುವ ಸಂಭವ ಹೆಚ್ಚು. ಗೈಡೂ ಅದನ್ನೇ ಹೇಳಿದರೆ ಗೈಡಿಗೂ ಮೊಬೈಲಿಗೂ ವ್ಯತ್ಯಾಸ ಉಳಿಯಿತೆಲ್ಲಿ? ಜನ ಹೇಳಿದ್ದು ಯಾವುದು, ಪರೀಕ್ಷೆಯಲ್ಲಿ ನಿಂತದ್ದು ಯಾವುದು ಎಂದು ಬಿಡಿಸಿ ಹೇಳಬಲ್ಲ ಗೈಡಿಗೆ ಬೆಲೆ ಹೆಚ್ಚೇ ಆಗಬೇಕು.

ಕಲ್ಲಿನ ಮೇಲಿನ ಒಂದು ವರ್ಷ

ಶಾಸನಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಊರ ಹೊರಗಿನ ವೀರಗಲ್ಲಿನ ಫೋಟೊ ಇವತ್ತು ಕ್ಷಣದಲ್ಲಿ ವಾಟ್ಸ್ಆ್ಯಪ್ ಗುಂಪಿಗೆ ಬೀಳುತ್ತದೆ. ಬೆಂಗಳೂರಿನಲ್ಲಿ 2018ರಲ್ಲಿ ಚರಂಡಿ ಅಗೆಯುವಾಗ ಸಿಕ್ಕ ಹೆಬ್ಬಾಳದ ಕಿತ್ತಯ್ಯನ ಶಾಸನ ಕ್ರಿ.ಶ. 750ರ ಸುಮಾರಿನದು. ಅದನ್ನು ಉಳಿಸಿಕೊಂಡದ್ದು ಶಾಸನದ ಹುಚ್ಚು ಹಿಡಿಸಿಕೊಂಡ ನಾಗರಿಕರು, ಓದಿ ಕಾಲ ನಿಗದಿ ಮಾಡಿದ್ದು ವಿದ್ವಾಂಸರು. ಆಮೇಲೆ ಮಿಥಿಕ್ ಸೊಸೈಟಿ ಎಂಬ ಸಂಸ್ಥೆ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಂಡಿತು. ಸವೆದ ಅಕ್ಷರ ಬರಿಗಣ್ಣಿಗಿಂತ ಸ್ಕ್ಯಾನಿನಲ್ಲಿ ಚೆನ್ನಾಗಿ ಕಾಣುತ್ತದೆ. ಇದು ಶುದ್ಧ ಲಾಭ.

ಆದರೆ ಅಕ್ಷರ ಕಂಡರೆ ಓದು ಮುಗಿಯಿತೇ? ಹಂಪಿಯ ವಿರೂಪಾಕ್ಷ ಗುಡಿಯಲ್ಲಿರುವ ಕೃಷ್ಣದೇವರಾಯನ ಹೆಸರಾಂತ ಶಾಸನವನ್ನೇ ತೆಗೆದುಕೊಳ್ಳಿ. ಪಟ್ಟಾಭಿಷೇಕದ ಉತ್ಸವಕ್ಕೆ ರಂಗಮಂಟಪ ಕಟ್ಟಿಸಿದ್ದನ್ನು ಹೇಳುವ ಅದರಲ್ಲಿ ಶಕವರ್ಷ 1430, ಶುಕ್ಲ ಸಂವತ್ಸರ, ಮಾಘ ಶುದ್ಧ 14 ಎಂದಿದೆ. ಶಕಕ್ಕೆ 78 ಕೂಡಿಸು, ಮಾಘ ಜನವರಿ–ಫೆಬ್ರುವರಿಯಲ್ಲಿ ಬರುವುದರಿಂದ ಇನ್ನೊಂದು ಸೇರಿಸು ಎಂಬ ಸೂತ್ರದ ಪ್ರಕಾರ 1509 ಬರುತ್ತದೆ. ಯಾವ ಆ್ಯಪ್ ಆದರೂ ಅದನ್ನೇ ಕೊಟ್ಟೀತು. ಆದರೆ ಶುಕ್ಲ ಸಂವತ್ಸರದ ಮಾಘ ಬಿದ್ದದ್ದು 1510ರ ಜನವರಿಯಲ್ಲಿ. ಅಂದರೆ ಕಲ್ಲಿನ ಮೇಲಿನ ಎರಡು ಗುರುತುಗಳಲ್ಲೇ ಒಂದು ವರ್ಷದ ತಾಳಮೇಳ ತಪ್ಪಿದೆ. ಇಂಥಲ್ಲಿ ಶಕದ ಅಂಕಿಗಿಂತ ಸಂವತ್ಸರದ ಹೆಸರನ್ನು ಹೆಚ್ಚು ನಂಬಬೇಕು ಎಂಬುದು ಸಾವಿರಾರು ಶಾಸನ ಓದಿದವರ ಅನುಭವ. ಹಾಗಾಗಿ ಶಾಸನದ ಕಾಲ 1510 ಎಂದೇ ನಿಂತಿತು. ಪಟ್ಟಾಭಿಷೇಕ ಮಾತ್ರ 1509ರ ಆಗಸ್ಟ್‌ನಲ್ಲೇ ನಡೆದಿತ್ತೆಂದು ವಾದಿಸುವ ಇತಿಹಾಸಕಾರರೂ ಇದ್ದಾರೆ. ಲೆಕ್ಕ ಮಾಡುವುದು ಯಂತ್ರಕ್ಕೆ ಸುಲಭ. ಲೆಕ್ಕ ತಪ್ಪಿದಾಗ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬಲ್ಲಿ ಬಲ್ಲವರ ಬೆಲೆ ಇದೆ.

ಆ ಅನುಭವ ಎಲ್ಲಿಂದ ಬರುತ್ತದೆ ಎಂಬುದು ಮುಖ್ಯ. ಕಮಲಾಪುರದ ಪಕ್ಕದ ವಿದ್ಯಾರಣ್ಯದಲ್ಲಿ 1991ರಲ್ಲಿ ಶುರುವಾದ ಕನ್ನಡ ವಿಶ್ವವಿದ್ಯಾಲಯ ಜಿಲ್ಲೆ ಜಿಲ್ಲೆಯ ಶಾಸನಗಳನ್ನು ಸಂಪುಟಗಳಾಗಿ ತಂದಿದೆ. ಇಂಥ ಸಂಪುಟಕ್ಕೆ ದುಡಿಯುವವರು ಕಲ್ಲು ತಿಕ್ಕಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಳಿಗೆ ಇಳಿಸಿ, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಬೇಸರದ ಕೆಲಸ. ಆದರೆ ತಟ್ಟುತ್ತಾ ತಟ್ಟುತ್ತಾ ಯಾವುದು ಉಳಿಯ ಗೀರು, ಯಾವುದು ಬಿಸಿಲಿಗೆ ಬಿಟ್ಟ ಬಿರುಕು ಎಂದು ಬೆರಳಿಗೆ ತಿಳಿಯುತ್ತದೆ. ಸ್ಕ್ಯಾನರ್ ಬಂದ ಮೇಲೆ ಪಡಿಯಚ್ಚಿನ ಅಗತ್ಯ ಕಡಿಮೆಯಾಗುತ್ತದೆ. ಬೆರಳಿಗಾಗುತ್ತಿದ್ದ ಪಾಠವನ್ನು ಇನ್ನೆಲ್ಲಿ ಕಲಿಸುತ್ತೇವೆ?

ಶಾನುಭೋಗರ ಕಡತದಿಂದ ದಿಶಾಂಕ್‌ವರೆಗೆ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಮುಚ್ಚಿಡದೆ ಹೇಳಬೇಕು. ಎಲ್ಲ ಪರಿಣತಿಯೂ ಉಳಿಸಿಕೊಳ್ಳಲು ಯೋಗ್ಯವಲ್ಲ. ಹಳ್ಳಿಯ ಪಹಣಿ ಒಂದು ಕಾಲಕ್ಕೆ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ಅದನ್ನು ಓದುವುದಕ್ಕೂ ವಿದ್ಯೆ ಬೇಕಿತ್ತು, ಪಡೆಯುವುದಕ್ಕೂ ಅವರ ಮರ್ಜಿ ಬೇಕಿತ್ತು. ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುವಂತಾಯಿತು. ಅಲ್ಲಿ ಕಳೆದುಹೋದದ್ದರಲ್ಲಿ ಹೆಚ್ಚಿನ ಪಾಲು ಬೀಗದ ಕೈಯ ಬೆಲೆ. ಅದಕ್ಕೆ ಕಣ್ಣೀರು ಹಾಕುವ ಅಗತ್ಯವಿಲ್ಲ.

ಈಗ ಕಂಪ್ಲಿಯ ಗದ್ದೆಯ ಬದುವಿನ ಮೇಲೆ ನಿಂತ ರೈತ ‘ದಿಶಾಂಕ್’ ಆ್ಯಪ್ ತೆರೆದರೆ ತಾನು ನಿಂತ ಸರ್ವೆ ನಂಬರು ಕಾಣುತ್ತದೆ. ದೊಡ್ಡ ಅನುಕೂಲ. ಜಮೀನು ಕೊಳ್ಳುವವರು ಮೋಸಹೋಗುವುದು ಇದರಿಂದ ಎಷ್ಟೋ ಸಲ ತಪ್ಪಬಹುದು. ಆದರೆ ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ಆಗುವುದು ಸಹಜ. ನೀರಾವರಿ ಗದ್ದೆಯಲ್ಲಿ ಒಂದು ಮೀಟರ್ ಬದು ಅತ್ತಿತ್ತ ಆದರೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ, ಕೋರ್ಟು ಮೆಟ್ಟಿಲು ಹತ್ತುತ್ತಾರೆ. ಆ್ಯಪ್ ತೋರಿಸಿದ ಗೆರೆಯನ್ನೇ ಹಿಡಿದುಕೊಂಡು ಜಗಳಕ್ಕೆ ನಿಂತವರಿಗೆ ಹದ್ದುಬಸ್ತು ಮಾಡಿಕೊಡಲು ಸರ್ವೆಯವರೇ ಬರಬೇಕು. ಹಳೆಯ ಟಿಪ್ಪಣಿ ಓದಿ, ಊರ ಗಡಿಕಲ್ಲು ಹುಡುಕಿ, ಎರಡೂ ಕಡೆಯವರ ಮುಂದೆ ಅಳೆದು, ‘ಇದು ನನ್ನ ಅಳತೆ’ ಎಂದು ಸಹಿ ಹಾಕಬೇಕು. ಆ ಸಹಿಯ ಹಿಂದೆ ಹೊಣೆ ಇದೆ, ತಪ್ಪಾದರೆ ಕೇಳುವವರಿದ್ದಾರೆ. ಆ್ಯಪ್ ಯಾರಿಗೂ ಜವಾಬು ಹೇಳುವುದಿಲ್ಲ.

ಸಂಡೂರಿನ ಲಂಬಾಣಿ ಕಸೂತಿಯ ದಾರಿ ಬೇರೆ. ಯಂತ್ರದ ಕಸೂತಿ, ಅಚ್ಚು ಹಾಕಿದ ಬಟ್ಟೆ ಅದೇ ವಿನ್ಯಾಸವನ್ನು ಅಗ್ಗಕ್ಕೆ ಕೊಡುತ್ತದೆ. ಅಲ್ಲಿ ಕೈಯ ಬೆಲೆಯನ್ನು ಕಾದದ್ದು ಸಂಘಟನೆ ಮತ್ತು ಗುರುತು. ಸಂಡೂರು ಕುಶಲ ಕಲಾ ಕೇಂದ್ರ ಹೆಣ್ಣುಮಕ್ಕಳನ್ನು ಒಂದುಗೂಡಿಸಿತು, 2010ರಲ್ಲಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಕಸೂತಿಗಾರ್ತಿಯರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಇದು ಯಾರ ಕೈಯ ಕೆಲಸ ಎಂದು ನಂಬಿಕೆಯಿಂದ ಹೇಳುವ ಏರ್ಪಾಡಿದ್ದರೆ ಯಂತ್ರದ ಪಕ್ಕದಲ್ಲೂ ಕೈಗೆ ಬೆಲೆ ಸಿಗುತ್ತದೆ.

ಹೊರಗಿನವರು ಕಂಡದ್ದು

ಹೊರದೇಶಗಳಲ್ಲೂ ಇದೇ ಚರ್ಚೆ ನಡೆದಿದೆ. ಲಂಡನ್ನಿನ ಕಪ್ಪು ಟ್ಯಾಕ್ಸಿಯವರು ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾಗಬೇಕು. ಅದಕ್ಕೆ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಜಿಪಿಎಸ್ ಬಂದು ಆ ಬಾಯಿಪಾಠ ಇಲ್ಲದವರೂ ಬಾಡಿಗೆ ಹೊಡೆಯುವಂತಾಯಿತು. ಗ್ರಾಹಕ ಸೇವೆಯ ನೌಕರರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು, ಎಐ ನೆರವಿನಿಂದ ಹೊಸಬರ ಕೆಲಸ ಶೇ 34ರಷ್ಟು ಚುರುಕಾಯಿತು, ಹಳಬರಿಗೆ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ ಎಂದು ತೋರಿಸಿತು. ಆ ಎಐ ಕಲಿತಿದ್ದು ನುರಿತವರ ಮಾತುಕತೆಯಿಂದಲೇ ಎಂಬುದನ್ನು ಮರೆಯಬಾರದು. ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ನೀಲ್ ಥಾಂಪ್ಸನ್ ಇನ್ನೂ ಸೂಕ್ಷ್ಮವಾದ ಮಾತು ಹೇಳುತ್ತಾರೆ. ಯಂತ್ರ ಒಂದು ಕಸುಬಿನ ಸುಲಭದ ಭಾಗವನ್ನು ಕಿತ್ತುಕೊಂಡರೆ ಉಳಿದ ಕಷ್ಟದ ಭಾಗಕ್ಕೆ ಕೂಲಿ ಏರುತ್ತದೆ, ಕೆಲಸಗಾರರ ಸಂಖ್ಯೆ ಇಳಿಯುತ್ತದೆ. ಕಷ್ಟದ ಭಾಗವನ್ನೇ ಕಿತ್ತುಕೊಂಡರೆ ಯಾರು ಬೇಕಾದರೂ ಮಾಡಬಹುದು, ಕೂಲಿ ಇಳಿಯುತ್ತದೆ.

ನಮ್ಮ ಊರುಗಳಿಗೆ ಈ ಅಳತೆ ಹಿಡಿದರೆ ಬಹಳಷ್ಟು ಸ್ಪಷ್ಟವಾಗುತ್ತದೆ. ಡಿಟಿಪಿಯವರ ಕಷ್ಟದ ಭಾಗ ಕನ್ನಡ ಕೀಲಿಮಣೆಯೇ ಆಗಿತ್ತು. ಯುನಿಕೋಡ್ ಮತ್ತು ಮಾತಾಡಿದ್ದನ್ನು ಬರೆದುಕೊಳ್ಳುವ ಆ್ಯಪ್ ಬಂದು ಅದನ್ನು ಕಿತ್ತುಕೊಂಡವು, ದರ ಬಿತ್ತು. ಸ್ಟುಡಿಯೊದವರಿಗೆ ಹೋದದ್ದು ಪಾಸ್‌ಪೋರ್ಟ್ ಫೋಟೊ, ಉಳಿದದ್ದು ಮದುವೆಯ ಆಲ್ಬಂ, ಡ್ರೋನ್, ಎಡಿಟಿಂಗ್. ಅಲ್ಲಿ ಅಂಗಡಿಗಳು ಕಡಿಮೆಯಾಗಿ, ಉಳಿದವರ ದರ ಏರುವುದು ಸಹಜ.

ಹತ್ತೊಂಬತ್ತನೆಯ ಗೇಟು

ಈ ಲೆಕ್ಕದಲ್ಲಿ ಬಿಟ್ಟುಹೋಗುವ ಸಂಗತಿಯನ್ನು ನಮಗೆ ಕಲಿಸಿದ್ದು ತುಂಗಭದ್ರಾ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಆ ನೀರಿನ ಆರ್ಭಟ ಎಲ್ಲರ ಮೊಬೈಲಿನಲ್ಲಿತ್ತು. ಡ್ರೋನ್ ಚಿತ್ರಗಳೂ ಬಂದವು. ಯಾಕೆ ಹೀಗಾಯಿತು, ಹೇಗೆ ಮುಚ್ಚಬೇಕು ಎಂದು ಸಲಹೆ ಕೊಡುವವರಿಗೆ ಬರವಿರಲಿಲ್ಲ. ಕೊನೆಗೆ ಕರೆಸಬೇಕಾಗಿ ಬಂದದ್ದು ಎಂಬತ್ತರ ಸಮೀಪಕ್ಕೆ ಬಂದ, ನಿವೃತ್ತರಾಗಿ ಎಷ್ಟೋ ವರ್ಷವಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸುವ ಯೋಜನೆ ಅವರದು. ಅರವತ್ತು ಅಡಿ ಅಗಲ, ನಾಲ್ಕು ಅಡಿ ಎತ್ತರದ ಐದು ತುಂಡುಗಳನ್ನು ತೋರಣಗಲ್ಲು ಮತ್ತು ಹೊಸಪೇಟೆ ಸುತ್ತಿನ ಕಾರ್ಖಾನೆಗಳಲ್ಲಿ ಹಗಲು ರಾತ್ರಿ ಕೂತು ಸಿದ್ಧ ಮಾಡಿದರು. ಆಗಸ್ಟ್ 16ರ ಸಂಜೆ ಮೊದಲ ತುಂಡು ಕೂತಿತು. 17ರಂದು ಐದೂ ಕೂತವು. ಜಲಾಶಯದ ನೀರು ಪೂರ್ತಿ ಖಾಲಿಯಾಗದೆ ಉಳಿಯಿತು.

ನಾಯ್ಡು ಅವರಿಗೆ ಆ ವಿದ್ಯೆ ಬಂದದ್ದೆಲ್ಲಿಂದ? ಅವರು ದುಡಿದದ್ದು ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್‌ನಲ್ಲಿ. ಇದೇ ಅಣೆಕಟ್ಟಿನ ಗೇಟುಗಳಿಗಾಗಿ ಹುಟ್ಟಿದ ವರ್ಕ್‌ಶಾಪು ಅದು. ಆಮೇಲೆ ಕೇಂದ್ರ ಸರ್ಕಾರದ ಕಂಪನಿಯಾಗಿ ದೇಶದ ಅಣೆಕಟ್ಟುಗಳಿಗೆ ಗೇಟು ಮಾಡಿಕೊಟ್ಟಿತು. ನಷ್ಟಕ್ಕೆ ಬಿದ್ದ ಕಂಪನಿಯನ್ನು ಮುಚ್ಚಲು 2015ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಡಲಾಯಿತು. ಅದನ್ನು ಮುಚ್ಚಿಸಿದ್ದು ಮೊಬೈಲೂ ಅಲ್ಲ, ಎಐ ಕೂಡ ಅಲ್ಲ. ಆದರೂ ಪಾಠ ಒಂದೇ. ಸಣ್ಣ ಪುಟ್ಟ ಆರ್ಡರುಗಳು, ಬೇಸರದ ರಿಪೇರಿ ಕೆಲಸಗಳು, ದಿನನಿತ್ಯದ ವೆಲ್ಡಿಂಗು ಇವುಗಳ ನಡುವೆ ಎಳೆಯ ಎಂಜಿನಿಯರನೊಬ್ಬ ನುರಿತ ಕೈಯಾಗುತ್ತಾನೆ. ಆ ಜಾಗ ಮುಚ್ಚಿದರೆ ಹಳಬರು ಇರುವ ತನಕ ನಡೆಯುತ್ತದೆ. ಅವರ ನಂತರ ಕರೆಸಲು ಯಾರಿರುತ್ತಾರೆ?

ಮೂರನೆಯ ಸಂಗತಿ ಎಂದದ್ದು ಇದನ್ನೇ. ಅಗ್ಗದ ತಂತ್ರಜ್ಞಾನ ದೊಡ್ಡ ತಜ್ಞನ ಅನ್ನಕ್ಕೆ ಕೈ ಹಾಕುವುದಿಲ್ಲ, ಎಷ್ಟೋ ಸಲ ಅವನ ಬೆಲೆ ಹೆಚ್ಚಿಸುತ್ತದೆ. ಅದು ಕಿತ್ತುಕೊಳ್ಳುವುದು ಕಸುಬಿನ ಕೆಳಮೆಟ್ಟಿಲ ಕೆಲಸವನ್ನು: ಹೊಸ ಗೈಡಿನ ದಾರಿ ತೋರಿಸುವ ಬಾಡಿಗೆ, ವಿದ್ಯಾರ್ಥಿಯ ಪಡಿಯಚ್ಚು, ಸ್ಟುಡಿಯೊ ಹುಡುಗನ ಪಾಸ್‌ಪೋರ್ಟ್ ಫೋಟೊ, ಪತ್ರಬರಹಗಾರನ ಕೈಕೆಳಗಿನ ಹುಡುಗ ಬರೆಯುತ್ತಿದ್ದ ಸಣ್ಣ ಅರ್ಜಿ. ಈ ಕೆಲಸಗಳಿಗೆ ಸಿಗುತ್ತಿದ್ದ ನಾಲ್ಕು ಕಾಸೇ ಕಲಿಕೆಯ ಖರ್ಚನ್ನು ಭರಿಸುತ್ತಿತ್ತು. ಯಾವ ಸರ್ಕಾರವೂ ಅದಕ್ಕೆ ಅನುದಾನ ಕೊಟ್ಟಿರಲಿಲ್ಲ. ಗಿರಾಕಿಯೇ ಗೊತ್ತಿಲ್ಲದೆ ಕೊಡುತ್ತಿದ್ದ. ಈಗ ಗಿರಾಕಿ ಕೊಡುವುದು ನಿಂತಿದೆ. ಹಾಗಾದರೆ ಆ ಖರ್ಚನ್ನು ನಾವು ಬೇರೆ ದಾರಿಯಲ್ಲಿ, ಗೊತ್ತಿದ್ದೇ ಹಾಕಬೇಕು.

ಮಾಡಬಹುದಾದ ಕೆಲಸಗಳು ದೂರದವೇನಲ್ಲ. ಪ್ರವಾಸೋದ್ಯಮ ಇಲಾಖೆ ಗೈಡುಗಳಿಗೆ ಗುರುತಿನ ಚೀಟಿ ಕೊಟ್ಟು ಕೈ ತೊಳೆದುಕೊಳ್ಳದೆ, ಹೊಸ ಸಂಶೋಧನೆ ತಿಳಿಸುವ ತರಬೇತಿಯನ್ನು ವರ್ಷಕ್ಕೊಮ್ಮೆಯಾದರೂ ಕಮಲಾಪುರದ ಪುರಾತತ್ವ ಮ್ಯೂಸಿಯಂನಲ್ಲೇ ನಡೆಸಲಿ. ಶಾಸನ ಸ್ಕ್ಯಾನ್ ಮಾಡುವ ಪ್ರತಿ ಯೋಜನೆಯಲ್ಲಿ ಪಡಿಯಚ್ಚು ತೆಗೆದು ಓದಲು ಕಲಿಯುವ ವಿದ್ಯಾರ್ಥಿಗೆ ಸಂಬಳವಿರಲಿ. ನುರಿತ ಭೂಮಾಪಕರ ಜೊತೆ ಹೊಸಬರು ಹೊಲ ಸುತ್ತುವುದು ನಿಯಮವಾಗಲಿ. ಗೇಟು ಮುರಿದ ನಂತರ ಬಂದ ತಜ್ಞರ ಸಮಿತಿ 33 ಗೇಟುಗಳನ್ನೂ ಬದಲಿಸಬೇಕೆಂದು ಶಿಫಾರಸು ಮಾಡಿತು. ಎಪ್ಪತ್ತು ವರ್ಷಕ್ಕೊಮ್ಮೆ ಬರುವ ಪಾಠಶಾಲೆ ಅದು. ಅಲ್ಲಿ ಗುತ್ತಿಗೆದಾರರು ಮತ್ತು ಕ್ರೇನುಗಳ ಜೊತೆಗೆ ಹೊಸಪೇಟೆ, ಬಳ್ಳಾರಿಯ ಐಟಿಐ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು ಹೆಲ್ಮೆಟ್ ಹಾಕಿಕೊಂಡು, ಕೈ ಕೊಳೆ ಮಾಡಿಕೊಂಡು ನಿಲ್ಲಬೇಕು. ಅವರಿಗೆ ಆ ಜಾಗ ಕೊಡಿಸುವುದು ತುಂಗಭದ್ರಾ ಮಂಡಳಿ, ನೀರಾವರಿ ಇಲಾಖೆ ಮತ್ತು ನಮ್ಮ ಜನಪ್ರತಿನಿಧಿಗಳ ಹೊಣೆ. ಅದನ್ನು ಕೇಳಿ ಪಡೆಯುವುದು ಈ ನೀರನ್ನು ಉಣ್ಣುವ ನಮ್ಮೆಲ್ಲರ ಹೊಣೆ.